ವ್ಯೂಸ್ ಇದೆ, ಆರ್ಡರ್ ಇಲ್ಲ

ಪ್ರಶ್ನೆ: ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಮಗಳು ಇನ್‌ಸ್ಟಾಗ್ರಾಮ್ ಪೇಜ್ ಮಾಡಿಕೊಟ್ಟಿದ್ದಾಳೆ. ರೀಲ್ಸ್‌ಗೆ ಸಾವಿರಾರು ವ್ಯೂಸ್ ಬರುತ್ತವೆ, ಆರ್ಡರ್ ಮಾತ್ರ ಬೆರಳೆಣಿಕೆ. ದಿನಾ ಪೋಸ್ಟ್ ಹಾಕಬೇಕು ಅಂತಾರೆ, ನನಗೆ ಒಲೆ ಮುಂದೆಯೇ ಹೊತ್ತು ಹೋಗುತ್ತದೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ದಿನಾ ಹಾಕಬೇಡಿ, ವಾರಕ್ಕೆ ಎರಡು ಸಾಕು. ರೀಲ್ಸ್ ನೋಡುವವರಲ್ಲಿ ಜಾಸ್ತಿ ಜನ ಬಾಯಲ್ಲಿ ನೀರೂರಿಸಿಕೊಂಡು ಮುಂದಿನದಕ್ಕೆ ಹೋಗುವವರು. ಕೊಳ್ಳುವ ಮನಸ್ಸಿದ್ದ ನಾಲ್ಕು ಜನರನ್ನು ನಾವೇ ಓಡಿಸುತ್ತೇವೆ. ರೇಟ್ ಕೇಳಿದರೆ 'ಡಿಎಂ ಮಾಡಿ' (ಖಾಸಗಿಯಾಗಿ ಮೆಸೇಜ್ ಮಾಡಿ) ಅನ್ನುವ ಚಾಳಿ ಇದೆಯಲ್ಲ, ಯಾರು ಕಲಿಸಿದರೋ! ಅರ್ಧ ಕೆಜಿಗೆ ಎಷ್ಟು, ಕೊರಿಯರ್‌ಗೆ ಎಷ್ಟು, ಎಷ್ಟು ದಿನಕ್ಕೆ ತಲುಪುತ್ತದೆ, ಎಲ್ಲ ಪೋಸ್ಟಿನಲ್ಲೇ ಬರೆಯಿರಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿದ್ದೀರಿ ಅಲ್ವಾ? ಆ 14 ಅಂಕಿಯ ನಂಬರ್ ಲೇಬಲ್ ಮೇಲೆ ಕಾಣುವಂತೆ ಒಂದು ಫೋಟೋ ಹಾಕಿ. ಗುರುತಿಲ್ಲದವರಿಂದ ತಿನ್ನುವ ಪದಾರ್ಥ ತರಿಸಿಕೊಳ್ಳುವವರಿಗೆ ಅದರಿಂದ ಧೈರ್ಯ ಬರುತ್ತದೆ.

ಇನ್ನು ವಿಡಿಯೋ. ಸಿನಿಮಾ ಹಾಡು ಬೇಡ, ಬಿಸಿನೆಸ್ ಅಕೌಂಟಿಗೆ ಎಷ್ಟೋ ಹಾಡು ಸಿಗುವುದೂ ಇಲ್ಲ. ನೀವು ಮಿಡಿ ಆರಿಸುವುದನ್ನೇ ತೋರಿಸಿ. ತೊಟ್ಟು ಇರುವುದು ಒಂದು ಕಡೆ, ನೆಲಕ್ಕೆ ಬಿದ್ದು ಪೆಟ್ಟಾದದ್ದು ಇನ್ನೊಂದು ಕಡೆ. ಪೆಟ್ಟಾದ ಮಿಡಿ ಭರಣಿಯಲ್ಲಿ ಬಾಳುವುದಿಲ್ಲ, ಅದನ್ನು ಹಾಕುವುದಿಲ್ಲ ಅಂತ ನಿಮ್ಮ ಊರಿನ ಮಾತಿನಲ್ಲೇ ಹೇಳಿ. ತೊಟ್ಟು ಮುರಿದಾಗ ಸೊನೆ ಚಿಮ್ಮುವುದನ್ನು ಹತ್ತಿರದಿಂದ ಹಿಡಿಯಿರಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಲೆನಾಡಿನವರಿಗೆ ಆ ಪರಿಮಳ ಫೋನಿನಲ್ಲೇ ಬರುತ್ತದೆ. ಅವರೇ ನಿಮ್ಮ ಗಿರಾಕಿಗಳು, ಲಕ್ಷ ವ್ಯೂಸ್ ಅಲ್ಲ.

ನಿಜವಾದ ವ್ಯಾಪಾರ ನಡೆಯುವುದು ವಾಟ್ಸಾಪಿನಲ್ಲಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಬೇರೆಯೇ ಇದೆ, ದುಡ್ಡು ಕೊಡಬೇಕಾಗಿಲ್ಲ. ಕ್ಯಾಟಲಾಗಿನಲ್ಲಿ ಪ್ರತಿ ಐಟಂ ಫೋಟೋ, ರೇಟ್ ಹಾಕಿಡಿ. 'ದುಡ್ಡು ಬಂದಿದೆ', 'ಪಾರ್ಸೆಲ್ ಹೋಗಿದೆ' ಅಂತ ಚಾಟಿಗೆ ಲೇಬಲ್ ಹಚ್ಚಿಕೊಂಡರೆ ಯಾರದ್ದು ಬಾಕಿ ಅಂತ ಚೀಟಿ ಹುಡುಕುವ ಕೆಲಸ ತಪ್ಪುತ್ತದೆ. ಒಮ್ಮೆ ಕೊಂಡವರನ್ನೆಲ್ಲ ಬ್ರಾಡ್‌ಕಾಸ್ಟ್ ಲಿಸ್ಟಿಗೆ (ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿ) ಸೇರಿಸಿ, ಒಂದು ಲಿಸ್ಟಿಗೆ 256 ಜನರವರೆಗೆ ಹಿಡಿಸುತ್ತದೆ. ಒಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಮೆಸೇಜ್ ಹೋಗುತ್ತದೆ. ಹಾಗಾಗಿ ಪ್ರತಿ ಪಾರ್ಸೆಲಿನಲ್ಲಿ 'ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಮಿಡಿ ಬಂದಾಗ ತಿಳಿಸುತ್ತೇವೆ' ಅಂತ ಚೀಟಿ ಇಡಿ. ಆಮೇಲೆ ಸುಮ್ನೆ ಗುಡ್ ಮಾರ್ನಿಂಗ್ ಕಳಿಸಬೇಡಿ, ಬ್ಲಾಕ್ ಮಾಡುತ್ತಾರೆ. ಮಿಡಿ ಸೀಸನ್ನಿಗೆ ಒಂದು, ಮಳೆಗಾಲಕ್ಕೆ ಮೊದಲು ಹಪ್ಪಳಕ್ಕೆ ಒಂದು, ದೀಪಾವಳಿಗೆ ಒಂದು ಮೆಸೇಜ್ ಸಾಕು. ಮುಂಗಡ ಆರ್ಡರ್ ತೆಗೆದುಕೊಂಡರೆ ಎಷ್ಟು ಮಿಡಿ ಕೊಳ್ಳಬೇಕು ಅನ್ನುವ ಅಂದಾಜೂ ಸಿಗುತ್ತದೆ.

ಪೋಸ್ಟ್ ಹೆಚ್ಚು ಜನರಿಗೆ ಕಾಣಲಿ ಅಂತ ಇನ್‌ಸ್ಟಾಗ್ರಾಮಿಗೆ ದುಡ್ಡು ಕೊಡುವುದೇ (ಬೂಸ್ಟ್)? ಈಗ ಬೇಡ.

ಪ್ರಶ್ನೆ: ಫೇಸ್‌ಬುಕ್ಕಿನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ಒಬ್ಬರು ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಕಳಿಸಿದರು, ನಾನು ನಂಬಿ ಸೀರೆ ಕಳಿಸಿದೆ. ಅಕೌಂಟಿಗೆ ದುಡ್ಡೇ ಬಂದಿಲ್ಲ.
– ಓದುಗರು, ಬಾಗಲಕೋಟೆ

ಉತ್ತರ: ಮೊದಲು ಕೊರಿಯರಿನವರಿಗೆ ಫೋನ್ ಮಾಡಿ. ಪಾರ್ಸೆಲ್ ಇನ್ನೂ ಕೈ ಸೇರಿರದಿದ್ದರೆ ವಾಪಸ್ ತರಿಸಲು ಆಗುತ್ತದೆಯೇ ಕೇಳಿ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ, ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಯಾರು ಮಾಡಬಹುದು, ಬ್ಯಾಂಕಿನದ್ದು ಅನ್ನಿಸುವ ಮೆಸೇಜನ್ನೂ ಸಹ. ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದ ಮೇಲೆಯೇ ಪ್ಯಾಕ್ ಮಾಡಿ. 'ಅರ್ಜೆಂಟ್ ಇದೆ, ಮದುವೆಗೆ ಬೇಕು' ಅಂದರೂ ಅಷ್ಟೇ. 'ಜಾಸ್ತಿ ಹಾಕಿಬಿಟ್ಟೆ, ವಾಪಸ್ ಕಳಿಸಿ' ಅನ್ನುವವರೂ ಸಿಗುತ್ತಾರೆ, ಆಗಲೂ ಮೊದಲು ಬ್ಯಾಲೆನ್ಸ್ ನೋಡಿ. ದುಡ್ಡು ತೆಗೆದುಕೊಳ್ಳಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿರುವುದು ನಿಮ್ಮದೇ.