ಕಚ್ಚಾ ತೈಲ ಏರಿದಾಗ ಬಂಕಿನ ಕಂಪನಿಯ ಷೇರು ಏಕೆ ಇಳಿಯುತ್ತದೆ?

ಪ್ರಶ್ನೆ: ನಾನು ಬ್ಯಾಂಕ್ ಸೇವೆಯಿಂದ ನಿವೃತ್ತನಾದವನು, ವಯಸ್ಸು 64, ಜಯನಗರದಲ್ಲಿ ವಾಸ. ಷೇರು ಮತ್ತು ಮ್ಯೂಚುವಲ್ ಫಂಡ್‌ಗಳಲ್ಲಿ ಒಟ್ಟು 42 ಲಕ್ಷ ರೂಪಾಯಿ ಇದೆ. ಅದರಲ್ಲಿ ಇಂಡಿಯನ್ ಆಯಿಲ್ 6 ಲಕ್ಷ, ಒಎನ್‌ಜಿಸಿ 5 ಲಕ್ಷ, ರಿಲಯನ್ಸ್ 4 ಲಕ್ಷ, ಎಚ್‌ಪಿಸಿಎಲ್ 3 ಲಕ್ಷ. ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಇಂಡೆಕ್ಸ್ ಫಂಡ್‌ನಲ್ಲಿ 10 ಲಕ್ಷವಿದೆ, ಉಳಿದದ್ದು ಬೇರೆ ಷೇರುಗಳಲ್ಲಿ. ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭಾಂಶ) ಚೆನ್ನಾಗಿ ಬರುತ್ತದೆಂದೇ ತೈಲ ಕಂಪನಿಗಳನ್ನು ಕೊಂಡೆ. ಕಚ್ಚಾ ತೈಲ ದುಬಾರಿಯಾದಾಗ ಒಂದು ಏರಿದರೆ ಇನ್ನೊಂದು ಇಳಿಯುವುದನ್ನು ನೋಡಿ ಗೊಂದಲವಾಗಿದೆ. ನಾಲ್ಕು ಕಂಪನಿಗಳಲ್ಲಿ ಹಂಚಿರುವುದರಿಂದ ಅಪಾಯ ಕಡಿಮೆ ಎಂದು ಸ್ನೇಹಿತರು ಹೇಳುತ್ತಾರೆ. ಇಟ್ಟುಕೊಳ್ಳಲೇ, ಮಾರಲೇ?

ಉತ್ತರ: ಮೊದಲು ನಿಮ್ಮ ಗೊಂದಲವನ್ನು ಬಿಡಿಸೋಣ. ಎಲ್ಲವನ್ನೂ ‘ತೈಲ ಷೇರು’ ಎಂದು ಒಂದೇ ಹೆಸರಿನಿಂದ ಕರೆದರೂ ಒಎನ್‌ಜಿಸಿ ತೈಲವನ್ನು ನೆಲದಿಂದ ಮತ್ತು ಸಮುದ್ರದ ತಳದಿಂದ ತೆಗೆದು ಮಾರುತ್ತದೆ. ಇಂಡಿಯನ್ ಆಯಿಲ್ ಮತ್ತು ಎಚ್‌ಪಿಸಿಎಲ್ ಅದನ್ನು ಕೊಂಡು, ಸಂಸ್ಕರಿಸಿ, ಬಂಕುಗಳ ಮೂಲಕ ಮಾರುತ್ತವೆ. ಬ್ಯಾರೆಲ್ ಬೆಲೆ ಏರಿದರೆ ಮೊದಲನೆಯದಕ್ಕೆ ಆದಾಯ, ಉಳಿದೆರಡಕ್ಕೆ ಖರ್ಚು. ಖರ್ಚು ಹೆಚ್ಚಾದಷ್ಟೂ ಮಾರಾಟದ ದರವನ್ನು ಏರಿಸುವಂತಿದ್ದರೆ ಚಿಂತೆಯಿರಲಿಲ್ಲ. ಪೆಟ್ರೋಲ್ ದರ 2010ರ ಜೂನ್‌ನಲ್ಲಿ, ಡೀಸೆಲ್ ದರ 2014ರ ಅಕ್ಟೋಬರ್‌ನಲ್ಲಿ ಸರ್ಕಾರದ ನಿಯಂತ್ರಣದಿಂದ ಮುಕ್ತವಾದವು, 2017ರ ಜೂನ್‌ನಿಂದ ದಿನನಿತ್ಯ ದರ ಪರಿಷ್ಕರಣೆಯೂ ಆರಂಭವಾಯಿತು. ಕಾಗದದ ಮೇಲೆ ಇದು ಹೌದು. ಆದರೆ ನೀವು ಪೆಟ್ರೋಲ್ ಹಾಕಿಸುವ ಬಂಕಿನ ಫಲಕವನ್ನು ನೆನಪಿಸಿಕೊಳ್ಳಿ: ಬೆಂಗಳೂರಿನಲ್ಲಿ 2022ರ ಮೇ ಕೊನೆಯಿಂದ 2024ರ ಮಾರ್ಚ್‌ವರೆಗೆ ಪೆಟ್ರೋಲ್ ಲೀಟರಿಗೆ 101.94 ರೂಪಾಯಿಯಲ್ಲೇ ನಿಂತಿತ್ತು. ಆ ಅವಧಿಯ ಆರಂಭದಲ್ಲಿ, 2022ರ ಜೂನ್‌ನಲ್ಲಿ, ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆ ಬ್ಯಾರೆಲ್‌ಗೆ 116 ಡಾಲರ್ ಮುಟ್ಟಿತ್ತು. ಮುಂದೆ ಬೆಲೆ ಸಾಕಷ್ಟು ಇಳಿದಾಗಲೂ ಫಲಕದ ಸಂಖ್ಯೆ ಬದಲಾಗಲಿಲ್ಲ.

ಈ ಒಂದು ಸಂಖ್ಯೆಯ ಹಿಂದೆ ಏನಾಯಿತು ಎಂಬುದನ್ನು ನಿಮ್ಮದೇ ಎಚ್‌ಪಿಸಿಎಲ್‌ನ ಲೆಕ್ಕಪತ್ರ ತೋರಿಸುತ್ತದೆ. 2022ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಅದರ ನಷ್ಟ 10,197 ಕೋಟಿ ರೂಪಾಯಿ. ಇಡೀ 2022-23ರಲ್ಲಿ ನಷ್ಟ 8,974 ಕೋಟಿ. ಮರುವರ್ಷವೇ, ಅದೇ ರಿಫೈನರಿಗಳು, ಅದೇ ಬಂಕುಗಳು, ಅದೇ ಸಿಬ್ಬಂದಿಯೊಂದಿಗೆ 14,694 ಕೋಟಿ ಲಾಭ. ಕಂಪನಿಯ ದಕ್ಷತೆ ಒಂದು ವರ್ಷದಲ್ಲಿ ಇಷ್ಟು ಬದಲಾಗುವುದಿಲ್ಲ. ಬದಲಾದದ್ದು ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ಮಾತ್ರ, ಮತ್ತು ಆ ಅಂತರದ ಮೇಲೆ ಕಂಪನಿಗೂ ಹತೋಟಿಯಿಲ್ಲ, ನಿಮಗಂತೂ ಇಲ್ಲವೇ ಇಲ್ಲ. ಹಲವರು ಇನ್ನೊಂದು ತಪ್ಪು ಮಾಡುತ್ತಾರೆ, ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಹೆಚ್ಚಿಸಿದಾಗ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ ಏರಿತು. ಬಂಕಿನಲ್ಲಿ ದರ ಏರಿದೆ, ಆದ್ದರಿಂದ ಷೇರು ಕೊಳ್ಳೋಣ ಎಂದು ಆಗ ಕೇಳಿದವರಿದ್ದರು. ಆ ಏರಿಕೆಯಲ್ಲಿ ಕಂಪನಿಗೆ ಒಂದು ಪೈಸೆಯೂ ಸಲ್ಲುವುದಿಲ್ಲ.

ಹಾಗಾದರೆ ತೈಲ ದುಬಾರಿಯಾದಾಗ ಒಎನ್‌ಜಿಸಿ ಗಳಿಸುತ್ತದೆ, ಅಗ್ಗವಾದಾಗ ಇಂಡಿಯನ್ ಆಯಿಲ್ ಗಳಿಸುತ್ತದೆ, ಎರಡನ್ನೂ ಇಟ್ಟುಕೊಂಡರೆ ಒಂದು ಇನ್ನೊಂದನ್ನು ಸರಿದೂಗಿಸುತ್ತದೆ ಎಂಬುದು ನಿಮ್ಮ ಸ್ನೇಹಿತರ ವಾದವಿರಬಹುದು. ನಾನು ಇದನ್ನು ಒಪ್ಪುವುದಿಲ್ಲ. ಎರಡು ಕಾರಣಗಳಿವೆ.

ಒಂದು, ಬೆಲೆ ಬಹಳ ಏರಿದಾಗ ತೈಲ ತೆಗೆಯುವವನ ಲಾಭವೂ ಪೂರ್ತಿಯಾಗಿ ಅವನ ಕೈಗೆ ಬರುವುದಿಲ್ಲ. 2022ರ ಜುಲೈ 1ರಂದು ಕೇಂದ್ರ ಸರ್ಕಾರ ದೇಶದಲ್ಲಿ ತೆಗೆದ ಕಚ್ಚಾ ತೈಲದ ಮೇಲೆ ಟನ್‌ಗೆ 23,250 ರೂಪಾಯಿಯ ವಿಶೇಷ ತೆರಿಗೆ ಹಾಕಿತು. ಆ ಒಂದೇ ದಿನ ಒಎನ್‌ಜಿಸಿ ಷೇರು ಸುಮಾರು ಶೇ 13ರಷ್ಟು ಕುಸಿಯಿತು. ಮೇಲಿಂದ ಮೇಲೆ ಏರಿಳಿತ ಕಂಡ ಆ ತೆರಿಗೆ ರದ್ದಾದದ್ದು 2024ರ ಡಿಸೆಂಬರ್‌ನಲ್ಲಿ. ಅಂದರೆ ಬಂಕಿನ ಕಂಪನಿಗಳು ನಷ್ಟದಲ್ಲಿದ್ದ ಅದೇ ಬೇಸಿಗೆಯ ಬೆನ್ನಿಗೆ, ಅದನ್ನು ಸರಿದೂಗಿಸಬೇಕಿದ್ದ ಕಂಪನಿಯ ಲಾಭಕ್ಕೂ ಮಿತಿ ಬಿತ್ತು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದಾಗುತ್ತಿರುವಾಗ ಸರ್ಕಾರ ಗ್ರಾಹಕರ ಹಿತವನ್ನು ಮೊದಲು ನೋಡುವುದು ಸಹಜ, ಅದನ್ನು ನಾನು ಆಕ್ಷೇಪಿಸುತ್ತಿಲ್ಲ. ಅದರ ಖರ್ಚಿನಲ್ಲಿ ಸಣ್ಣ ಷೇರುದಾರನ ಪಾಲೂ ಇರುತ್ತದೆ ಎಂಬುದನ್ನು ನೀವು ತಿಳಿದಿರಬೇಕು.

ಎರಡು, ನಿಮ್ಮ ಕಂಪನಿಗಳು ಪರಸ್ಪರ ನೆಂಟರು. 2018ರ ಜನವರಿಯಲ್ಲಿ ಒಎನ್‌ಜಿಸಿ 36,915 ಕೋಟಿ ರೂಪಾಯಿ ಕೊಟ್ಟು ಎಚ್‌ಪಿಸಿಎಲ್‌ನಲ್ಲಿ ಸರ್ಕಾರಕ್ಕಿದ್ದ ಶೇ 51.11ರಷ್ಟು ಪಾಲನ್ನು ಕೊಂಡಿತು. ಇಂಡಿಯನ್ ಆಯಿಲ್‌ನಲ್ಲೂ ಅದಕ್ಕೆ ಸುಮಾರು ಶೇ 14ರಷ್ಟು ಪಾಲಿದೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೂಡ ಒಎನ್‌ಜಿಸಿಯ ಅಧೀನ ಕಂಪನಿಯೇ ಎಂಬುದನ್ನು, ಅದನ್ನೂ ಪಟ್ಟಿಗೆ ಸೇರಿಸುವ ಯೋಚನೆ ನಿಮಗಿದ್ದರೆ, ಗಮನಿಸಿ. ಷೇರುಗಳನ್ನಿಡುವ ಡಿಮ್ಯಾಟ್ ಖಾತೆಯಲ್ಲಿ ಮೂರು ಸಾಲುಗಳಾಗಿ ಕಾಣುವ 14 ಲಕ್ಷ ರೂಪಾಯಿ ನಿಜದಲ್ಲಿ ಒಂದೇ ಮನೆಯ ಮೂರು ಕೋಣೆಗಳಲ್ಲಿದೆ, ಮತ್ತು ಮನೆಯ ಯಜಮಾನ ಒಬ್ಬನೇ, ಕೇಂದ್ರ ಸರ್ಕಾರ. ಇದು ನಿಮ್ಮ ಒಟ್ಟು ಹೂಡಿಕೆಯ ಮೂರನೇ ಒಂದು ಭಾಗ. ರಿಲಯನ್ಸ್ ಸೇರಿಸಿದರೆ 18 ಲಕ್ಷ, ಅಂದರೆ ಸುಮಾರು ಶೇ 43. ಜೊತೆಗೆ ನಿಫ್ಟಿಯಲ್ಲಿ ರಿಲಯನ್ಸ್‌ನ ತೂಕ ಈಚಿನ ವರ್ಷಗಳಲ್ಲಿ ಶೇ 8ರಿಂದ 10ರ ಆಸುಪಾಸಿನಲ್ಲಿರುವುದರಿಂದ ನಿಮ್ಮ ಇಂಡೆಕ್ಸ್ ಫಂಡ್‌ನ ಒಳಗೂ ಅದರ ಸುಮಾರು ಒಂದು ಲಕ್ಷದ ಷೇರು ಅಡಗಿದೆ. ರಿಲಯನ್ಸ್‌ಗೆ ಜಿಯೊ ಮತ್ತು ಚಿಲ್ಲರೆ ಮಾರಾಟದ ದೊಡ್ಡ ವ್ಯವಹಾರಗಳಿರುವುದರಿಂದ ಅದನ್ನು ಪೂರ್ತಿ ತೈಲ ಷೇರೆಂದು ಲೆಕ್ಕ ಹಾಕುವುದು ಸರಿಯಲ್ಲ. ನಾನು ಅರ್ಧ ಎಂದು ಹಿಡಿಯುತ್ತೇನೆ.

ಡಿವಿಡೆಂಡ್ ವಿಷಯ ನಿಮಗೆ ಮುಖ್ಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೇಂದ್ರದ 2024ರ ಮಾರ್ಗಸೂಚಿಯಂತೆ ಸಾರ್ವಜನಿಕ ಉದ್ದಿಮೆಗಳು ತೆರಿಗೆಯ ನಂತರದ ಲಾಭದ ಶೇ 30 ಅಥವಾ ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತ) ಶೇ 4, ಇವುಗಳಲ್ಲಿ ಹೆಚ್ಚಿನದನ್ನು ಡಿವಿಡೆಂಡ್ ಆಗಿ ಕೊಡಬೇಕು. ಸರ್ಕಾರಕ್ಕೂ ಆ ಹಣ ಬೇಕಿರುವುದರಿಂದ ಲಾಭವಿದ್ದ ವರ್ಷ ಕೈ ಬಿಗಿಯಾಗಿರುವುದಿಲ್ಲ. ಆದರೆ 2022-23ಕ್ಕೆ ಎಚ್‌ಪಿಸಿಎಲ್ ಡಿವಿಡೆಂಡ್ ಕೊಡಲೇ ಇಲ್ಲ. ಔಷಧಿ, ವಿಮೆಯ ಕಂತು, ಮನೆ ಖರ್ಚು ಯಾವುದೂ ಆ ವರ್ಷ ನಿಂತಿರಲಾರದು. ಇದರ ಮೇಲೆ 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್‌ಗೆ ತಕ್ಕಂತೆ ತೆರಿಗೆಗೆ ಒಳಪಡುತ್ತದೆ. ತಿಂಗಳ ಖರ್ಚಿಗೆ ಬೇಕಾದ ಹಣವನ್ನು ಇಂಥ ಷೇರುಗಳಿಂದ ನಿರೀಕ್ಷಿಸಬೇಡಿ.

ನನ್ನ ಸಲಹೆ ಇದು: ಸರ್ಕಾರಿ ತೈಲ ಕಂಪನಿಗಳ 14 ಲಕ್ಷವನ್ನು ಸುಮಾರು 6 ಲಕ್ಷಕ್ಕೆ, ಅಂದರೆ ಒಟ್ಟು ಹೂಡಿಕೆಯ ಏಳನೇ ಒಂದು ಭಾಗಕ್ಕೆ ಇಳಿಸಿ. ಎಚ್‌ಪಿಸಿಎಲ್ ಪೂರ್ತಿ ಮಾರಿ, ಏಕೆಂದರೆ ಒಎನ್‌ಜಿಸಿ ಮೂಲಕ ಅದರ ಪಾಲು ನಿಮಗೆ ಹೇಗೂ ಇರುತ್ತದೆ. ಇಂಡಿಯನ್ ಆಯಿಲ್ ಮತ್ತು ಒಎನ್‌ಜಿಸಿ ತಲಾ 3 ಲಕ್ಷದಷ್ಟು ಉಳಿಯಲಿ. ರಿಲಯನ್ಸ್ ಇರಲಿ, ಹೊಸದಾಗಿ ಕೊಳ್ಳಬೇಡಿ. ಒಂದೇ ದಿನ ಮಾರುವ ಅಗತ್ಯವಿಲ್ಲ, ಒಂದು ವರ್ಷದಿಂದ ಒಂದೂವರೆ ವರ್ಷ ತೆಗೆದುಕೊಳ್ಳಿ. ಕಚ್ಚಾ ತೈಲ ಇಳಿದು ಬಂಕಿನ ದರ ಇಳಿಯದೆ ನಿಂತಿರುವ ತಿಂಗಳುಗಳಲ್ಲಿ ಬಂಕಿನ ಕಂಪನಿಗಳ ಲಾಭ ಉತ್ತಮವಾಗಿರುತ್ತದೆ. ಪತ್ರಿಕೆಗಳಲ್ಲಿ ಅವುಗಳ ಬಗ್ಗೆ ಒಳ್ಳೆಯ ಸುದ್ದಿ ಬರುವುದೂ ಆಗಲೇ. ಕೊಳ್ಳುವ ಮನಸ್ಸಾಗುವ ಆ ಸಮಯವೇ ನಿಮಗೆ ಮಾರುವ ಸಮಯ.

ತೆರಿಗೆಯಲ್ಲಿ ಉಳಿತಾಯಕ್ಕೂ ಅವಕಾಶವಿದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟ ಷೇರುಗಳ ಮೇಲಿನ ಲಾಭದಲ್ಲಿ ಆರ್ಥಿಕ ವರ್ಷವೊಂದಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲೆ ಶೇ 12.5. ಒಂದು ಭಾಗವನ್ನು ಮಾರ್ಚ್‌ನಲ್ಲಿ, ಇನ್ನೊಂದನ್ನು ಏಪ್ರಿಲ್‌ನಲ್ಲಿ ಮಾರಿದರೆ ಈ ವಿನಾಯಿತಿ ಎರಡು ಸಲ ಸಿಗುತ್ತದೆ. ಇಂಡಿಯನ್ ಆಯಿಲ್ 2022ರ ಜುಲೈನಲ್ಲಿ ಎರಡು ಷೇರಿಗೆ ಒಂದರಂತೆ ಬೋನಸ್, ಅಂದರೆ ಉಚಿತ ಷೇರು, ಕೊಟ್ಟಿತ್ತು. ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆ ಎಂದು ಲೆಕ್ಕವಾಗುವುದರಿಂದ ಅದನ್ನು ಮಾರಿದಾಗ ಬಂದ ಹಣವೆಲ್ಲ ಲಾಭವೇ ಆಗುತ್ತದೆ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರೇ ಮೊದಲು ಹೋಗುವ ಕಾರಣ, ನೀವು ಮೊದಲ ಕಂತಿನಲ್ಲಿ ಮಾರುವುದು ಹಣ ಕೊಟ್ಟು ಕೊಂಡ ಹಳೆಯ ಷೇರುಗಳನ್ನು. ಮಾರಿ ಬಂದ ಹಣದಲ್ಲಿ ನಿಯಮಿತ ಆದಾಯಕ್ಕೆ ಬೇಕಾದಷ್ಟನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ, ಅದರ ಹೂಡಿಕೆ ಮಿತಿ ನಿಮಗಿನ್ನೂ ಉಳಿದಿದ್ದರೆ, ಇಡಿ.

ಪ್ರಶ್ನೆ: ರಾಜರಾಜೇಶ್ವರಿ ನಗರದ ನಮ್ಮ ಬೀದಿಯಲ್ಲಿ ಕೊಳವೆ ಗ್ಯಾಸ್ ಬಂದಿದೆ, ಹಳದಿ ಪೈಪು ಗೋಡೆ ಹತ್ತಿ ಅಡುಗೆಮನೆಗೆ ಬಂತು, ಮೀಟರೂ ಕೂತಿತು. ಊರೆಲ್ಲ ಹೀಗೆ ಬದಲಾಗುತ್ತಿದ್ದರೆ ಸರ್ಕಾರಿ ಗ್ಯಾಸ್ ಕಂಪನಿಯಾದ ಗೇಲ್‌ನ ಷೇರು ಏರಲೇಬೇಕಲ್ಲವೇ? ನನಗೆ 29 ವರ್ಷ, 2 ಲಕ್ಷ ಹೂಡಬಹುದು.

ಉತ್ತರ: ಕಣ್ಣೆದುರಿನ ಸಂಗತಿಯಿಂದ ಯೋಚನೆ ಆರಂಭಿಸಿರುವುದು ಒಳ್ಳೆಯದು, ಆದರೆ ನಿಮ್ಮ ಮೀಟರಿನಿಂದ ಗೇಲ್‌ನ ಲಾಭದವರೆಗೆ ದಾರಿ ಉದ್ದವಿದೆ. ಬೆಂಗಳೂರಿನ ಮನೆಗಳಿಗೆ ಗ್ಯಾಸ್ ಕೊಡುವುದು ಗೇಲ್‌ನ ಅಧೀನ ಕಂಪನಿಯಾದ ಗೇಲ್ ಗ್ಯಾಸ್. ಅದರ ಷೇರು ಪೇಟೆಯಲ್ಲಿ ಪ್ರತ್ಯೇಕವಾಗಿ ಸಿಗುವುದಿಲ್ಲ. ಮೂಲ ಕಂಪನಿಯಾದ ಗೇಲ್‌ಗೆ ದಾಭೋಲ್-ಬೆಂಗಳೂರು ಮಾರ್ಗದಂಥ ಕೊಳವೆಗಳ ಸಾಗಣೆ ಶುಲ್ಕ, ಗ್ಯಾಸ್ ವ್ಯಾಪಾರ, ಪೆಟ್ರೊಕೆಮಿಕಲ್ ಹೀಗೆ ಹಲವು ಮೂಲಗಳಿವೆ. ಸಾಗಣೆ ಶುಲ್ಕವನ್ನು ನಿಯಂತ್ರಣ ಮಂಡಳಿ ನಿಗದಿಪಡಿಸುತ್ತದೆ. ಅದು ಬಹುಮಟ್ಟಿಗೆ ಸ್ಥಿರ. ವ್ಯಾಪಾರ ಹಾಗಲ್ಲ. 2022ರಲ್ಲಿ ರಷ್ಯಾ ಮೂಲದ ದೀರ್ಘಾವಧಿ ಒಪ್ಪಂದದ ದ್ರವೀಕೃತ ಗ್ಯಾಸ್ ಪೂರೈಕೆ ನಿಂತುಹೋಯಿತು. 2021-22ರಲ್ಲಿ 10,364 ಕೋಟಿಯಿದ್ದ ಲಾಭ 2022-23ರಲ್ಲಿ 5,302 ಕೋಟಿಗೆ ಇಳಿಯಿತು. ಆ ವರ್ಷ ನಗರಗಳಲ್ಲಿ ಮನೆ ಸಂಪರ್ಕಗಳು ಹೆಚ್ಚುತ್ತಲೇ ಇದ್ದವು.

ದೆಹಲಿ, ಮುಂಬೈಗಳ ನಗರ ಗ್ಯಾಸ್ ಕಂಪನಿಗಳನ್ನು ಕೊಳ್ಳುವ ಯೋಚನೆಯಿದ್ದರೂ ಎಚ್ಚರವಿರಲಿ. ಅವುಗಳಿಗೆ ಅಗ್ಗದ ದೇಶೀಯ ಗ್ಯಾಸನ್ನು ಹಂಚುವುದು ಸರ್ಕಾರ. 2024ರ ಕೊನೆಯಲ್ಲಿ ಆ ಹಂಚಿಕೆಯನ್ನು ಕಡಿತ ಮಾಡಿದಾಗ ಆ ಷೇರುಗಳು ತೀವ್ರವಾಗಿ ಕುಸಿದವು.

ನಿಮ್ಮ ವಯಸ್ಸಿನಲ್ಲಿ ಅಪಾಯ ತೆಗೆದುಕೊಳ್ಳಬಹುದು, ಆದರೂ ಇರುವ 2 ಲಕ್ಷವನ್ನೂ ಒಂದೇ ಕಂಪನಿಗೆ ಹಾಕುವುದನ್ನು ನಾನು ಬೆಂಬಲಿಸಲಾರೆ. ಒಂದೂಮುಕ್ಕಾಲು ಲಕ್ಷ ವಿಶಾಲ ಸೂಚ್ಯಂಕದ ಫಂಡ್‌ಗೆ ಹೋಗಲಿ. ಉಳಿದ 25 ಸಾವಿರಕ್ಕೆ ಗೇಲ್ ಕೊಂಡು, ಪ್ರತಿ ತ್ರೈಮಾಸಿಕ ಫಲಿತಾಂಶ ಬಂದಾಗ ಸಾಗಣೆಯಿಂದ ಎಷ್ಟು, ವ್ಯಾಪಾರದಿಂದ ಎಷ್ಟು ಎಂಬ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಎರಡು ವರ್ಷ ಹೀಗೆ ಬರೆದ ಮೇಲೆ ಇನ್ನಷ್ಟು ಕೊಳ್ಳಬೇಕೇ ಎಂಬುದನ್ನು ನಿರ್ಧರಿಸಿ.