ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಸುಕು ಲೋಗೋದಿಂದ ಬೋರ್ಡು, ಬೇಳೆ ಚೀಲ ಎರಡಕ್ಕೂ ಆಗುವ ವೆಕ್ಟರ್ ಫೈಲ್ ಮಾಡುವುದು ಹೇಗೆ?

ನೀವು ಕೇಳಿದ್ದು ಕಲಬುರಗಿಯ ದಾಲ್ ಮಿಲ್ಲಿನ ಲೋಗೋ ಬಗ್ಗೆ: ದುಂಡು ಚಕ್ರದೊಳಗೆ ತೊಗರಿ ಕಾಯಿ, ಸುತ್ತ ಕನ್ನಡ ಅಕ್ಷರ, ಕೈಯಲ್ಲಿರುವುದು 280 ಪಿಕ್ಸೆಲ್ ಅಗಲದ ಜೆಪೆಗ್ ಒಂದೇ. ವೆಕ್ಟರ್ ಎಂದರೆ ಪಿಕ್ಸೆಲ್ ಚೌಕಗಳ ಬದಲು ಗೆರೆ, ಬಾಗುಗಳಿಂದ ಮಾಡಿದ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ.

ಮೊದಲು ಲೆಕ್ಕ ನೋಡ್ರಿ. ಬೋರ್ಡಿನ ಮೇಲೆ ಲೋಗೋ 4 ಅಡಿ ಇರಬೇಕೆಂದರೆ 48 ಇಂಚು. ಅಷ್ಟಕ್ಕೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ 4 ಮಿ.ಮೀ.ಗಿಂತ ದೊಡ್ಡ ಚೌಕವಾಗುತ್ತದೆ. ಫೋಟೋಶಾಪ್‌ನಲ್ಲಿ 72 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಅನ್ನು 300 ಮಾಡಿದರೆ ಸಂಖ್ಯೆ ಬದಲಾಗುತ್ತದೆಯೇ ಹೊರತು ಚಿತ್ರದಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ.

ಕೆಲಸಕ್ಕೆ ಕೂರುವ ಮೊದಲು ಮೂಲ ಫೈಲ್ ಹುಡುಕಿ. ಹಳೆಯ ಬಿಲ್ ಪುಸ್ತಕ, ಚೀಲ ಅಚ್ಚು ಹಾಕಿದವರ ಹತ್ತಿರ ಕೋರೆಲ್ (ಕೋರೆಲ್‌ಡ್ರಾ ತಂತ್ರಾಂಶ) ಫೈಲ್ ಉಳಿದಿರಬಹುದು. ಲೆಟರ್‌ಹೆಡ್‌ನ ಪಿಡಿಎಫ್ ಸಿಕ್ಕರೆ ಪೂರ್ತಿ ಜೂಮ್ ಮಾಡಿ: ಅಂಚು ಚೂಪಾಗಿಯೇ ಉಳಿದರೆ ಒಳಗೆ ವೆಕ್ಟರ್ ಇದೆ, ಉಚಿತವಾಗಿ ಸಿಗುವ ವೆಕ್ಟರ್ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ತೆರೆದು ಎತ್ತಿಕೊಳ್ಳಿ.

ಸಿಗದಿದ್ದರೆ ಕೈಯಿಂದಲೇ ಬರೆಯಿರಿ. ‘ಟ್ರೇಸ್ ಬಿಟ್‌ಮ್ಯಾಪ್’ ಅಥವಾ ಕೋರೆಲ್‌ನ ‘ಪವರ್‌ಟ್ರೇಸ್’ ಎಂಬ ತಾನಾಗಿ ಗೆರೆ ಎಳೆಯುವ ಸೌಲಭ್ಯ ಇಷ್ಟು ಸಣ್ಣ ಚಿತ್ರಕ್ಕೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜೆಪೆಗ್ ಅಂಚಿನ ಕೊಳೆಯನ್ನೂ ಅದು ಆಕಾರವೆಂದು ತಿಳಿದು ನೂರಾರು ನೋಡ್ ಬಿಂದು (ಗೆರೆಯ ಆಕಾರ ಹಿಡಿದಿಡುವ ಬಿಂದು) ಹಾಕುತ್ತದೆ, ವೃತ್ತ ಆಲೂಗಡ್ಡೆಯಾಗುತ್ತದೆ. ಕನ್ನಡಕ್ಕೆ ಪೆಟ್ಟು ಇನ್ನೂ ದೊಡ್ಡದು. ‘ಧ’ದ ಕೆಳಗಿನ ಸೀಳು ಮುಚ್ಚಿ ‘ಧಾನ್ಯ’ ‘ದಾನ್ಯ’ವಾಗುತ್ತದೆ, ‘ಭ’ ‘ಬ’ ಆಗುತ್ತದೆ, ‘ಠ’ದ ಚುಕ್ಕೆ ಹೋಗಿ ‘ರ’ ಉಳಿಯುತ್ತದೆ.

ಇಂಕ್‌ಸ್ಕೇಪ್‌ನಲ್ಲಿ ಚಿತ್ರವನ್ನು ಒಂದು ಲೇಯರ್‌ಗೆ ಹಾಕಿ, ಅಪಾರದರ್ಶಕತೆ (ಒಪಾಸಿಟಿ) 40%ಗೆ ಇಳಿಸಿ, ಲಾಕ್ ಮಾಡಿ. ಮೇಲೆ ಹೊಸ ಲೇಯರ್. ಚಕ್ರಕ್ಕೆ ಪೆನ್ ಬೇಡ, ಕಂಟ್ರೋಲ್ ಒತ್ತಿ ಹಿಡಿದು ವೃತ್ತವನ್ನೇ ಎಳೆಯಿರಿ. ತೊಗರಿ ಕಾಯಿಗೆ ಬೆಜಿಯರ್ ಪೆನ್ (ಬಾಗು ಗೆರೆ ಎಳೆಯುವ ಸಾಧನ): ಗೆರೆ ತೀರಾ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮುಟ್ಟುವ ಕಡೆ ಮತ್ತು ಮೂಲೆಗಳಲ್ಲಿ ಮಾತ್ರ ಬಿಂದು ಇಡಿ. ಒಂದು ಕಾಯಿಗೆ 8–10 ಸಾಕು. ಬಾಗು ಉಬ್ಬುತಗ್ಗಾದರೆ ಬಿಂದು ಸೇರಿಸಬೇಡಿ, ಒಂದನ್ನು ತೆಗೆಯಿರಿ. ಎರಡೂ ಬದಿ ಸಮವಿದ್ದರೆ ಅರ್ಧ ಬರೆದು ಕನ್ನಡಿಯಂತೆ ತಿರುಗಿಸಿ, ಯೂನಿಯನ್‌ನಿಂದ ಕೂಡಿಸಿ.

ಅಕ್ಷರವನ್ನು ಬಿಡಿಸಬೇಡಿ, ಟೈಪ್ ಮಾಡಿ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ‘ನುಡಿ’ ತಂತ್ರಾಂಶದ ಫಾಂಟುಗಳನ್ನು ಮೂಲದ ಮೇಲಿಟ್ಟು ಹತ್ತಿರದ್ದನ್ನು ಆರಿಸಿ, ಮಿಕ್ಕ ವ್ಯತ್ಯಾಸ ನಂತರ ತಿದ್ದಿ. ಚಕ್ರದ ಮೇಲ್ಭಾಗಕ್ಕೆ ಬಾಗಿಸಿದಾಗ ಕೆಳಗೆ ಇಳಿಯುವ ಒತ್ತಕ್ಷರಗಳು ಕೇಂದ್ರದ ಕಡೆ ಒತ್ತೊತ್ತಾಗಿ ಒಂದಕ್ಕೊಂದು ತಾಗುತ್ತವೆ. ಹಾಗಾಗಿ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಬೇಕು. ಇಂಗ್ಲಿಷ್ ಲೋಗೋದ ಅಳತೆ ಇಲ್ಲಿ ನಡೆಯುವುದಿಲ್ಲ. ಆಮೇಲೆ ಶಿಫ್ಟ್+ಕಂಟ್ರೋಲ್+ಸಿ ಒತ್ತಿ ಆಕಾರವಾಗಿಸಿ, ಕೋರೆಲ್‌ನಲ್ಲಾದರೆ ಕಂಟ್ರೋಲ್+ಕ್ಯೂ. ಇದನ್ನು ಮರೆತರೆ, ಆ ಫಾಂಟ್ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ಹೆಸರು ಚೆಲ್ಲಾಪಿಲ್ಲಿಯಾಗುತ್ತದೆ. ತಿದ್ದಲು ಬರುವ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ದಪ್ಪ ಕೊಟ್ಟು ಎಳೆದ ಗೆರೆಗಳನ್ನು ‘ಸ್ಟ್ರೋಕ್ ಟು ಪಾಥ್’ ಮಾಡಿ, ಅಂದರೆ ಗೆರೆಯ ದಪ್ಪವನ್ನೇ ಆಕಾರವಾಗಿಸಿ. ಇಲ್ಲದಿದ್ದರೆ ವಿನೈಲ್ ಕತ್ತರಿಸುವ ಪ್ಲಾಟರ್ ಗೆರೆಯ ನಡುವೆ ಒಂದೇ ಸಲ ಬ್ಲೇಡ್ ಓಡಿಸುತ್ತದೆ, ಪಟ್ಟಿ ಸಿಗುವುದಿಲ್ಲ.

ಬಣ್ಣವನ್ನು ಜೆಪೆಗ್‌ನ ಅಂಚಿನಿಂದಲ್ಲ, ಅಗಲವಾದ ಜಾಗದ ನಡುವಿನಿಂದ ಎತ್ತಿಕೊಳ್ಳಿ. ಚೀಲಕ್ಕೆ ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು ಬೇಕಾಗುವುದರಿಂದ ಗ್ರೇಡಿಯಂಟ್ (ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಬದಲಾಗುವ ಬಣ್ಣ) ಬಿಟ್ಟು ಎರಡು ಗಟ್ಟಿ ಬಣ್ಣಕ್ಕೆ ಇಳಿಸಿ. ನೇಯ್ದ ಪ್ಲಾಸ್ಟಿಕ್ ಚೀಲದ ಮೇಲೆ ಕೂದಲಿನಂಥ ಗೆರೆ ನಿಲ್ಲುವುದಿಲ್ಲ, 1 ಮಿ.ಮೀ.ಗಿಂತ ತೆಳು ಇರುವುದನ್ನೆಲ್ಲ ದಪ್ಪ ಮಾಡಿದ ಇನ್ನೊಂದು ಪ್ರತಿಯನ್ನು ಚೀಲಕ್ಕೆಂದೇ ಇಡಿ.

ಕಳಿಸುವ ಮುನ್ನ 2 ಸೆಂ.ಮೀ. ಅಗಲಕ್ಕೆ ಒಂದು ಪ್ರಿಂಟ್ ತೆಗೆದು ‘ಧ’ದ ಸೀಳು ಕಾಣುತ್ತದೆಯೇ ನೋಡಿ. ಎಸ್‌ವಿಜಿ ಮತ್ತು ಪಿಡಿಎಫ್ ಎರಡನ್ನೂ ಕೊಡಿ. ವಾಟ್ಸ್‌ಆ್ಯಪ್‌ನಲ್ಲಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ.