ಹೇಗೂ ಬೀಳುವ ಹಾಲುಹಲ್ಲಿಗೆ ಆರು ಸಾವಿರ ಖರ್ಚು ಮಾಡಬೇಕಾ?

ಐದು ವರ್ಷದ ಮಗ, ಕೆಳಗಿನ ಕೊನೆಯ ದವಡೆ ಹಲ್ಲು ಹುಳುಕು, ರಾತ್ರಿ ಎದ್ದು ಅಳುತ್ತಾನೆ. ಡಾಕ್ಟರು ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಕೆ 6,000 ಹೇಳಿದ್ದಾರೆ. ಹೇಗೂ ಬೀಳುವ ಹಲ್ಲು, ಕೀಳಿಸಿಬಿಡಲಾ ಅಂತ ಕೇಳಿದ್ದೀರಿ. ಆ "ಹೇಗೂ ಬೀಳುವ ಹಲ್ಲು" ಅನ್ನೋದನ್ನ ಓದಿದಾಗ ಮೈ ಜುಂ ಅಂತು. 2014ರಲ್ಲಿ ದಾವಣಗೆರೆಯ ಒಂದು ಕ್ಲಿನಿಕ್ಕಿನಲ್ಲಿ ಕೂತು ಇದೇ ಮಾತನ್ನು ನಾನೂ ಹೇಳಿದ್ದೆ.

ಮಗಳಿಗೆ ಆಗ ಆರೂವರೆ. ಹೆಂಡತಿ ಎರಡನೇ ಹೆರಿಗೆಗೆ ಪಾವಗಡದ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಅಮ್ಮ, ಮಗಳು. ಮೂರು ರಾತ್ರಿ ಮಗು ಕೆನ್ನೆ ಹಿಡಿದುಕೊಂಡು ಅತ್ತಳು. ಅಮ್ಮ ಲವಂಗ ಕಚ್ಚಿಸಿದರು, ಉಪ್ಪು ನೀರು ಮುಕ್ಕಳಿಸೋಕೆ ಕೊಟ್ಟರು. ನಾಲ್ಕನೇ ದಿನ ಕೆನ್ನೆ ಊದಿತು. ಹೊತ್ತುಕೊಂಡು ಓಡಿದೆ.

ಡಾಕ್ಟರು ಎರಡು ದಾರಿ ಹೇಳಿದರು. ಹಲ್ಲು ಉಳಿಸೋದಾದರೆ ಮೂರು ಸಲ ಬರಬೇಕು, ಕ್ಯಾಪ್ ಸೇರಿ 5,500. ಕೀಳೋದಾದರೆ 600. ಅಂಗಡಿ ಬಾಡಿಗೆ ಕಟ್ಟಿರಲಿಲ್ಲ, ಮುಂದೆ ಹೆರಿಗೆ ಖರ್ಚಿತ್ತು. "ಹೇಗೂ ಬೀಳುವ ಹಲ್ಲು ಸಾರ್, ಕಿತ್ತುಬಿಡಿ" ಅಂದೆ. ಸಂಜೆ ಅಮ್ಮ ಆ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟರು. ಮಗಳು ಅದನ್ನು ಹೆಂಚಿನ ಮೇಲೆ ಎಸೆದಳು. ಹೊಸ ಹಲ್ಲು ಬೇಗ ಬರಲಿ ಅಂತ.

ನನ್ನ ತಪ್ಪು ಕೀಳಿಸಿದ್ದಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವೋದು ಇಲ್ಲೇ. ಕೀವು ತುಂಬಿದ ಹಲ್ಲು, ಕೆಲವೊಮ್ಮೆ ಕೀಳಲೇಬೇಕಾಗುತ್ತದೆ. ನನ್ನ ತಪ್ಪು ಆಮೇಲಿನದು. ಡಾಕ್ಟರು ಬಾಯಲ್ಲಿ ಹತ್ತಿ ಇಟ್ಟು ಕಳಿಸುವಾಗ "ಮುಂದಿನ ವಾರ ಬನ್ನಿ, ಜಾಗ ಹಿಡಿಯೋಕೆ ಒಂದು ಕ್ಲಿಪ್ ಹಾಕೋಣ, 2,500 ಆಗುತ್ತೆ" ಅಂದರು. ಕ್ಲಿಪ್ ಅಂದರೆ ನನಗೆ ಕಣ್ಣ ಮುಂದೆ ಬಂದಿದ್ದು ಕಾಲೇಜು ಹುಡುಗಿಯರು ಹಲ್ಲಿಗೆ ಹಾಕಿಸಿಕೊಳ್ಳುವ ತಂತಿ. ಆರು ವರ್ಷದ ಮಗುವಿಗೆ ಅದ್ಯಾಕೆ, ಸುಮ್ನೆ ದುಡ್ಡು ಕೀಳೋಕೆ ನೋಡ್ತಿದ್ದಾರೆ ಅಂದುಕೊಂಡೆ. ಚೀಟಿಯ ಕೆಳಗೆ "ಎಸ್.ಎಂ. - 1 ವಾರ" ಅಂತ ಬರೆದಿದ್ದರು. ಮೆಡಿಕಲ್ ಶಾಪಿನ ಹುಡುಗ ಸಿರಪ್ಪು, ಮಾತ್ರೆ ಕೊಟ್ಟು, "ಕೊನೇದು ಔಷಧಿ ಅಲ್ಲ ಅಣ್ಣ" ಅಂದ. ನಾನೂ ಕೇಳಲಿಲ್ಲ. ಮೂರನೇ ದಿನ ಮಗಳು ಆರಾಮಾಗಿ ಮಂಡಕ್ಕಿ ತಿನ್ನುತ್ತಿದ್ದಳು. ನೋವಿಲ್ಲ ಅಂದಮೇಲೆ ಡಾಕ್ಟರ ಹತ್ತಿರ ಯಾಕೆ ಹೋಗೋದು? ಚೀಟಿ ತಾಯಿ ಕಾರ್ಡಿನ ಒಳಗೆ ಸೇರಿತು. ಐದು ವರ್ಷ ಅಲ್ಲೇ ಇತ್ತು.

ಎಸ್.ಎಂ. ಅಂದರೆ ಸ್ಪೇಸ್ ಮೇಂಟೇನರ್. ಕಿತ್ತ ಹಲ್ಲಿನ ಹಿಂದಿರುವ ಹಲ್ಲಿಗೆ ಒಂದು ಸ್ಟೀಲ್ ಉಂಗುರ, ಅದರಿಂದ ಮುಂದಿನ ಹಲ್ಲಿನವರೆಗೆ ಒಂದು ತಂತಿ ಕುಣಿಕೆ. ಅಷ್ಟೇ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತೀವಲ್ಲ, ಹಾಗೆ. ಹಾಲುಹಲ್ಲೇ ಆ ಟವೆಲ್ಲು. ತನ್ನ ಕೆಳಗೆ ದವಡೆಯೊಳಗೆ ಬೆಳೆಯುತ್ತಿರುವ ಹಲ್ಲಿಗೆ ಅದು ಜಾಗ ಕಾಯುತ್ತಿರುತ್ತದೆ. ಟವೆಲ್ ತೆಗೆದರೆ ಪಕ್ಕದವನು ಸರಿದು ಕೂರುತ್ತಾನೆ.

ಇಲ್ಲಿ ಆ ಪಕ್ಕದವನು ಆರು ವರ್ಷದ ಹಲ್ಲು. ಆರರ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ತಂದೆ ತಾಯಿಗೆ ಗೊತ್ತೇ ಆಗಲ್ಲ. ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಮುಂದೆ ಖಾಲಿ ಜಾಗ ಸಿಕ್ಕರೆ ವಾಲಿಕೊಂಡು ಮುಂದಕ್ಕೆ ಬರುತ್ತದೆ. ನನ್ನ ಮಗಳಿಗೆ ಆಗಿದ್ದೂ ಅದೇ. ನೋವಿಲ್ಲ, ರಕ್ತ ಇಲ್ಲ, ಕನ್ನಡಿಯಲ್ಲಿ ನೋಡಿದರೆ ಎಲ್ಲ ಸರಿ. ಒಳಗೆ ಜಾಗ ಮುಚ್ಚಿಹೋಗುತ್ತಿತ್ತು.

ಗೊತ್ತಾಗಿದ್ದು 2019ರಲ್ಲಿ, ಅದೂ ಮಗನ ದೆಸೆಯಿಂದ. ಅವನಿಗೆ ಐದು ವರ್ಷ, ಅದೇ ಜಾಗದ ಹಲ್ಲು ಹುಳುಕು. ಈ ಸಲ ಮಕ್ಕಳ ಹಲ್ಲಿನ ಡಾಕ್ಟರ ಹತ್ತಿರವೇ ಹೋದೆವು. ಅವನ ಅಕ್ಕ, ಅಂದರೆ ನನ್ನ ಮಗಳೂ ಜೊತೆಗೆ ಬಂದಿದ್ದಳು. ಡಾಕ್ಟರಮ್ಮ ಸುಮ್ನೆ "ನಿನ್ನದೂ ತೋರಿಸು ಪುಟ್ಟಿ" ಅಂದು ಬಾಯಿಗೆ ಲೈಟ್ ಹಿಡಿದರು. ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ "ಈ ಹಲ್ಲು ಯಾವಾಗ ತೆಗೆಸಿದ್ರಿ?" ಅಂದರು. ದವಡೆಯ ಪೂರ್ತಿ ಎಕ್ಸ್‌ರೇ ತೆಗೆಸಿ ಕಂಪ್ಯೂಟರಿನಲ್ಲಿ ತೋರಿಸಿದರು. ಬಲಗಡೆ ಹೊಸ ಹಲ್ಲು ನೆಟ್ಟಗೆ ಮೇಲೆ ಬರುತ್ತಿತ್ತು. ಎಡಗಡೆ ಅದರ ಜೋಡಿ ಹಲ್ಲು ಮೂಳೆಯೊಳಗೇ ಅಡ್ಡ ಬಿದ್ದಿತ್ತು. ಮೇಲೆ ಇದ್ದ ಸಂದಿಯಲ್ಲಿ ಒಂದು ಅಕ್ಕಿಕಾಳು ತೂರಿದರೆ ಹೆಚ್ಚು. ಮನೆಗೆ ಬಂದು ತಾಯಿ ಕಾರ್ಡ್ ಹುಡುಕಿದೆ. ಚೀಟಿ ಸಿಕ್ಕಿತು.

2020ರ ಜನವರಿಯಲ್ಲಿ ತಂತಿ ಹಾಕಿಸಿದೆವು. ಮಧ್ಯೆ ಸ್ಪ್ರಿಂಗ್ ಕೂರಿಸಿ, ಮುಂದೆ ಬಂದಿದ್ದ ಹಲ್ಲನ್ನು ತಿರುಗಿ ಹಿಂದಕ್ಕೆ ತಳ್ಳುವ ಕೆಲಸ. ಮಾರ್ಚಿನಲ್ಲಿ ಲಾಕ್‌ಡೌನ್. ಕ್ಲಿನಿಕ್ ಬಾಗಿಲು ಹಾಕಿತು. ಒಂದು ರಾತ್ರಿ ತಂತಿಯ ತುದಿ ಹೊರಬಂದು ಕೆನ್ನೆಗೆ ಚುಚ್ಚತೊಡಗಿತು. ಡಾಕ್ಟರು ವಿಡಿಯೋ ಕಾಲಿನಲ್ಲಿ ಹೇಳಿದ ಹಾಗೆ ನೈಲ್ ಕಟರ್ ಅನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅಮ್ಮ ಟಾರ್ಚ್ ಹಿಡಿದು, ಹೆಂಡತಿ ತಲೆ ಹಿಡಿದು, ನಾನು ಆ ತುದಿ ಕತ್ತರಿಸಿದೆ. ಮಗಳು ಕಣ್ಣು ಮುಚ್ಚಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಒಟ್ಟು 26 ತಿಂಗಳು, 48,000 ರೂಪಾಯಿ. ಅವತ್ತು ಉಳಿಸಿದ್ದು 2,500.

ಈಗ ನಿಮ್ಮ ವಿಷಯ. ಕೀಳಿಸಬೇಕಾ ಉಳಿಸಬೇಕಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನಿಸುತ್ತದೆ. "ಈ ಹಲ್ಲು ತಾನಾಗಿ ಯಾವಾಗ ಬೀಳಬೇಕು?" ಅಂತ ಕೇಳಿ. ಮುಂದಿನ ಹಲ್ಲಾದರೆ ಆರೇಳು ವರ್ಷಕ್ಕೆ ಬೀಳುತ್ತದೆ. ಅದಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ನಿಮ್ಮ ಮಗನದು ಕೊನೆಯ ಹಾಲು ದವಡೆ ಹಲ್ಲು. ಅದು ಬೀಳೋದು 10ರಿಂದ 12 ವರ್ಷಕ್ಕೆ. ಇನ್ನೂ ಐದಾರು ವರ್ಷ ಅದರಿಂದ ರೊಟ್ಟಿ ಅಗಿಯಬೇಕು. ಇದು "ಹೇಗೂ ಬೀಳುವ ಹಲ್ಲು" ಅಲ್ಲ.

ಇನ್ನೊಂದು ತೊಡಕಿದೆ. ನನ್ನ ಮಗಳಿಗೆ ಆರು ವರ್ಷದ ಹಲ್ಲು ಆಗಲೇ ಬಂದಿತ್ತು, ಉಂಗುರ ಹಾಕೋಕೆ ಹಿಂದೆ ಗೂಟ ಇತ್ತು. ನಿಮ್ಮ ಮಗನಿಗೆ ಇನ್ನೂ ಬಂದಿರಲಿಕ್ಕಿಲ್ಲ. ಈಗ ಕೀಳಿಸಿದರೆ ಕುಣಿಕೆ ಕಟ್ಟೋಕೆ ಗೂಟವೇ ಇಲ್ಲ. ಒಸಡಿನೊಳಗೆ ಇಳಿಯುವ ಬೇರೆ ಥರದ ಪಟ್ಟಿ ಹಾಕಬೇಕಾಗುತ್ತದೆ, ಅದು ಇನ್ನೂ ರಗಳೆ. ಹಾಗಾಗಿ ಉಳಿಸೋಕೆ ಆಗುತ್ತೆ ಅಂತ ಡಾಕ್ಟರು ಹೇಳಿದ್ದರೆ ಉಳಿಸಿ. ಸಾಲ ಮಾಡಿಯಾದರೂ ಅಂತ ಹೇಳುತ್ತಿದ್ದೆ, ಅದು ಬೇಕಾಗಲ್ಲ, ಕೊನೆಯಲ್ಲಿ ಹೇಳುತ್ತೇನೆ.

ಹುಳುಕು ಕಪ್ಪಾಗಿ ನಿಂತುಹೋಗುವ ಬೆಳ್ಳಿ ಔಷಧಿ ಇದೆಯಂತಲ್ಲ ಅಂತಲೂ ಕೇಳಿದ್ದೀರಿ. ಇದೆ, ಸಿಲ್ವರ್ ಡೈಅಮೈನ್ ಫ್ಲೋರೈಡ್. ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ಆದರೆ ಅದು ನರ ಮುಟ್ಟದ ಹುಳುಕಿಗೆ. ರಾತ್ರಿ ತಾನಾಗೇ ನೋವು ಬಂದು ಮಗು ಏಳುತ್ತಿದೆ ಅಂದರೆ ಬಹುತೇಕ ನರಕ್ಕೆ ಮುಟ್ಟಿರುತ್ತದೆ. ಈಗ ಬಳಿದರೆ ಪ್ರಯೋಜನ ಇಲ್ಲ. ಆರು ತಿಂಗಳ ಹಿಂದೆ ಕೇಳಬೇಕಿದ್ದ ಪ್ರಶ್ನೆ ಅದು.

ಮಗು ಕುರ್ಚಿಯಲ್ಲಿ ಕೂರಲ್ಲ ಅನ್ನೋ ಭಯ ನಿಮಗೆ. ನಮ್ಮವನೂ ಬಾಗಿಲಲ್ಲೇ ಕಂಬ ತಬ್ಬಿಕೊಂಡವನು. ಆ ಡಾಕ್ಟರಮ್ಮ ಮೊದಲ ದಿನ ಬಾಯಿಗೆ ಕೈಯನ್ನೇ ಹಾಕಲಿಲ್ಲ. ಡ್ರಿಲ್ಲಿನ ನೀರನ್ನು ಅವನ ಉಗುರಿನ ಮೇಲೆ ಬಿಟ್ಟು "ಮಳೆ ಬಂತು ನೋಡು" ಅಂದರು. ಎರಡನೇ ಸಲ ಅವನೇ ಹತ್ತಿ ಕೂತ. ನರ ತೆಗೆದು, ಬೇರು ಕರಗುವಾಗ ತಾನೂ ಕರಗುವಂಥ ಪೇಸ್ಟ್ ತುಂಬಿ, ಮೇಲೆ ಸ್ಟೀಲ್ ಕ್ಯಾಪ್ ಹಾಕಿದರು. ಬಿಳಿ ಕ್ಯಾಪ್ ಬೇಡವೇ ಬೇಡ. ಜಾಸ್ತಿ ದುಡ್ಡು, ಹಲ್ಲನ್ನು ಜಾಸ್ತಿ ಸವೆಸಬೇಕು, ಹಿಂದಿನ ಹಲ್ಲು ಯಾರು ನೋಡ್ತಾರೆ? ಶಾಲೆಯಲ್ಲಿ ಅವನು ಬಾಯಿ ತೆರೆದು "ಬೆಳ್ಳಿ ಹಲ್ಲು" ತೋರಿಸಿಕೊಂಡು ತಿರುಗಿದ. ಹೋದ ವರ್ಷ, ಹನ್ನೊಂದಕ್ಕೆ, ಹಲ್ಲು ಕ್ಯಾಪ್ ಸಮೇತ ಬಿತ್ತು. ಅಮ್ಮ ಅದಕ್ಕೂ ಸಗಣಿ ಹುಡುಕಿದರು. ಈಗ ಹೆಂಚಿಲ್ಲ, ಪಕ್ಕದ ಮನೆಯ ಶೀಟಿನ ಮೇಲೆ ಬಿದ್ದು ಟಣ್ ಅಂತು. ಕೆಳಗೆ ಹೊಸ ಹಲ್ಲು ಆಗಲೇ ಇಣುಕುತ್ತಿತ್ತು.

ಚಾಕ್ಲೇಟ್ ಕೊಟ್ಟೇ ಇಲ್ಲ, ಆದರೂ ಹುಳುಕು ಹೇಗೆ ಬಂತು ಅಂತಿದ್ದೀರಿ. ಮಲಗುವಾಗ ಸಕ್ಕರೆ ಹಾಲಿನ ಬಾಟ್ಲಿ ಕೊಡುತ್ತಿದ್ದಿರಾ? ನಮ್ಮಮ್ಮ ಮಗಳಿಗೆ ಮೂರೂವರೆ ವರ್ಷದವರೆಗೆ ಕೊಟ್ಟರು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿನ ಮೇಲೇ ನಿಲ್ಲುತ್ತದೆ. ಮನೆಯವರ ಮೇಲೆ ಮಾತ್ರ ಹಾರಾಡಬೇಡಿ. ನಾನು ಹಾರಾಡಿ ಅಮ್ಮ ಎರಡು ದಿನ ಊಟ ಬಿಟ್ಟಿದ್ದರು.

ಫ್ಲೋರೈಡ್ ಇಲ್ಲದ ಪೇಸ್ಟ್ ತಂದಿದ್ದೀನಿ ಅಂದಿರಲ್ಲ, ಅದನ್ನು ಬದಲಾಯಿಸಿ. ನಮ್ಮ ಮಾವನವರದೂ ಇದೇ ಹಟವಾಗಿತ್ತು. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಅವರ ಹಲ್ಲೆಲ್ಲ ಕಂದು ಬಣ್ಣ, ಪಾಪ, ಅವರಿಗೆ ಆ ಹೆಸರೇ ವಿಷ. ಅದು ಚಿಕ್ಕಂದಿನಿಂದ ದಿನಾ ಕುಡಿದು ಹೊಟ್ಟೆಗೆ ಹೋಗಿದ್ದು. ಇದು ಹಲ್ಲಿಗೆ ಉಜ್ಜಿ ಉಗುಳೋದು. ಐದು ವರ್ಷದವನಿಗೆ ಬಟಾಣಿ ಕಾಳಿನಷ್ಟು ಪೇಸ್ಟ್, ದಿನಕ್ಕೆ ಎರಡು ಸಲ, ಉಜ್ಜೋದು ನೀವೇ. ನಿಮ್ಮ ಊರಿನ ನೀರೂ ಆ ಥರದ್ದಾದರೆ ಒಂದು ಮಾತು ಡಾಕ್ಟರನ್ನು ಕೇಳಿ.

ಆರು ಸಾವಿರ ಭಾರ ಅನಿಸಿದರೆ ಡೆಂಟಲ್ ಕಾಲೇಜಿಗೆ ಹೋಗಿ. ದಾವಣಗೆರೆಯಲ್ಲೇ ಎರಡಿವೆ, ಬೆಂಗಳೂರಿನವರಿಗೆ ಸರ್ಕಾರಿ ಕಾಲೇಜೇ ಇದೆ. ಮಕ್ಕಳ ಹಲ್ಲಿಗೆ ಬೇರೆ ವಿಭಾಗ ಇರುತ್ತದೆ, ಪೀಡೋ ಅಂತ ಕೇಳಿದರೆ ತೋರಿಸುತ್ತಾರೆ. ಓದುತ್ತಿರುವ ಡಾಕ್ಟರುಗಳು ಮಾಡುತ್ತಾರೆ, ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಖರ್ಚು ತುಂಬ ಕಡಿಮೆ, ಹೊತ್ತು ಮಾತ್ರ ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಮಗುವಿಗೆ ತಿಂಡಿ ತಿನ್ನಿಸಿಕೊಂಡು ಹೋಗಿ. ಬರುವಾಗ ಅವರು ಚೀಟಿಯಲ್ಲಿ ಬರೆದಿದ್ದನ್ನೆಲ್ಲ, ಕೊನೆಯ ಸಾಲಿನವರೆಗೂ, ಅಲ್ಲೇ ನಿಂತು ಓದಿಸಿ ಅರ್ಥ ಕೇಳಿಕೊಂಡು ಬನ್ನಿ. ಕೆನ್ನೆ ಊದಿದರೆ ಅಥವಾ ಜ್ವರ ಬಂದರೆ ಸೋಮವಾರದವರೆಗೆ ಕಾಯಬೇಡಿ, ಅವತ್ತೇ ಹೋಗಿ.